ದಾರಿಯ ನಡುವೆ ಒಂದು ರಾಜಧಾನಿ

ಹಡಗಿನಲ್ಲಿ ಲೋಕಸಂಚಾರ ಮಾಡುವವರಿಗೆ ರಾಜಧಾನಿಗಳ ದರ್ಶನ ಗಂಟೆಗಳ ಲೆಕ್ಕದಲ್ಲಿ ಆಗುತ್ತದೆ. ಹಡಗು ಬೆಳಿಗ್ಗೆ ಬಂದರು ಸೇರುತ್ತದೆ. ಸಂಜೆಯೊಳಗೆ ಎಲ್ಲರೂ ಹಿಂದಿರುಗಿರಬೇಕು. ದಕ್ಷಿಣ ಅಮೆರಿಕದ ಪೆರು ದೇಶವನ್ನೇ ತೆಗೆದುಕೊಳ್ಳೋಣ. ಪ್ರಯಾಣಿಕರು ಕಯಾವೊ ಬಂದರಿನಲ್ಲಿ ಇಳಿದು, ಮೋಟಾರಿನಲ್ಲಿ ಹತ್ತಿರದ ಲೀಮಾ ನಗರಕ್ಕೆ ಹೋಗುತ್ತಾರೆ. ಅಲ್ಲಿ ದೊಡ್ಡದೊಂದು ಚೌಕ. ಅದರ ಒಂದು ಮಗ್ಗುಲಿಗೆ ಮಹಾ ಚರ್ಚು, ಇನ್ನೊಂದು ಮಗ್ಗುಲಿಗೆ ರಾಷ್ಟ್ರಾಧ್ಯಕ್ಷರ ಅರಮನೆ. ೧೫೩೫ರ ಜನವರಿ ೧೮ರಂದು ಸ್ಪೇನಿನ ಪಿಸಾರೊ ಈ ನಗರಕ್ಕೆ ಅಸ್ತಿಭಾರ ಹಾಕಿದನೆಂದು ಮಾರ್ಗದರ್ಶಿ ಹೇಳುತ್ತಾನೆ. ಪ್ರಯಾಣಿಕನು ನಾಲ್ಕು ಚಿತ್ರ ತೆಗೆದುಕೊಂಡು, ಊಟ ಮುಗಿಸಿ, ಹಡಗಿಗೆ ಮರಳಿ, ‘ಲೀಮಾ ನೋಡಿದೆ’ ಎಂದು ದಿನಚರಿಯಲ್ಲಿ ಬರೆದುಕೊಳ್ಳುತ್ತಾನೆ.

ಅವನು ಬರೆದುಕೊಂಡುದು ಸುಳ್ಳಲ್ಲ. ಆದರೆ ಅದೇ ನಗರದ ಮಿರಾಫ್ಲೋರೆಸ್ ಬಡಾವಣೆಯಲ್ಲಿ, ಮನೆಮಠಗಳ ನಡುವೆ, ಹಸಿ ಇಟ್ಟಿಗೆಯಿಂದ ಕಟ್ಟಿದ ಬೆಟ್ಟದಂಥ ದೇವಸ್ಥಾನವೊಂದಿದೆ. ಅದು ಪಿಸಾರೊನಿಗಿಂತ ಸುಮಾರು ಸಾವಿರ ವರ್ಷ ಹಿಂದಿನದು. ನಗರದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಪಾಚಕಾಮಾಕ್ ಎಂಬ ಹಾಳು ಪಟ್ಟಣ ಸಿಗುತ್ತದೆ. ಇಂಕಾ ಅರಸರಿಗೂ ಮುಂಚಿನಿಂದ ಜನರು ದೂರದೂರದಿಂದ ದೈವದ ನುಡಿ ಕೇಳಲು ಅಲ್ಲಿಗೆ ಬರುತ್ತಿದ್ದರು. ಚೌಕವನ್ನು ಮಾತ್ರ ನೋಡಿ ಹೋದವನ ಪಾಲಿಗೆ ಆ ದೇಶದ ಕಥೆ ೧೫೩೫ರಲ್ಲಿ ಆರಂಭವಾಗುತ್ತದೆ. ಅದರ ಹಿಂದಿನದೆಲ್ಲ ಅವನಿಗೆ ಇಲ್ಲದಂತೆಯೇ.

ಇಂಥ ಅನುಭವಕ್ಕಾಗಿ ನಾವು ಏಳು ಸಮುದ್ರ ದಾಟಬೇಕಾಗಿಲ್ಲ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಸಸ್ತಾಪುರ ಬಂಗ್ಲಾ ಎಂಬ ತಿರುವು ಬರುತ್ತದೆ. ಲಾರಿಗಳು, ಬಸ್ಸುಗಳು ಅಲ್ಲಿ ನಿಲ್ಲುತ್ತವೆ, ಜನರು ಚಹಾ ಕುಡಿಯುತ್ತಾರೆ, ಮತ್ತೆ ಹೊರಡುತ್ತಾರೆ. ಆ ತಿರುವಿನಿಂದ ಕೆಲವೇ ಕಿಲೋಮೀಟರಿನಲ್ಲಿ ಬಸವಕಲ್ಯಾಣ. ಒಂದು ಕಾಲಕ್ಕೆ ನರ್ಮದೆಯಿಂದ ತುಂಗಭದ್ರೆಯ ಆಚೆಯವರೆಗಿನ ನಾಡಿನ ಆಗುಹೋಗುಗಳನ್ನು ನಿರ್ಧರಿಸಿದ ರಾಜಧಾನಿ ಅದು. ಅರ್ಧ ದಿನದ ಬಿಡುವಿನಲ್ಲಿ ಅಲ್ಲಿಗೆ ಹೋಗಿಬಂದವರು ಬಹುಮಂದಿ. ಅವರಲ್ಲಿ ಕೆಲವರಾದರೂ, ‘ಚಾಲುಕ್ಯರ ರಾಜಧಾನಿ ಎಂದು ಕೇಳಿದ್ದೆವು, ಚಾಲುಕ್ಯರದು ಏನೂ ಕಾಣಲಿಲ್ಲವಲ್ಲ!’ ಎಂದು ನಿರಾಶರಾಗಿ ಮರಳುವುದುಂಟು. ಆ ನಿರಾಶೆಗೆ ಕಾರಣವೇನು, ಅರ್ಧ ದಿನದಲ್ಲಿ ಒಂದು ರಾಜಧಾನಿಯನ್ನು ನೋಡುವ ಬಗೆ ಯಾವುದು ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಮೊದಲಿಗೆ, ಅಲ್ಲಿ ಕಣ್ಣಿಗೆ ಬೀಳುವುದೇನು? ಊರಿನಲ್ಲಿ ಕೋಟೆಯಿದೆ. ಅದರ ಬುಡ ಹಳೆಯದಾದರೂ ಈಗ ಕಾಣುವ ಗೋಡೆ, ಬುರುಜು, ಮಹಲುಗಳ ಬಹುಭಾಗ ಬಹಮನಿ ಕಾಲದಿಂದ ಈಚಿನವು. ಅಲ್ಲಿರುವ ತೋಪುಗಳನ್ನು ಕಂಡರೆ ಮಕ್ಕಳಿಗೆ ಸಂತೋಷ. ಆದರೆ ತೋಪುಗಳು ಚಾಲುಕ್ಯರ ಕಾಲದಲ್ಲಿ ಇರಲೇ ಇಲ್ಲ. ಊರೊಳಗೆ ಬಸವೇಶ್ವರ ದೇವಾಲಯವಿದೆ. ತ್ರಿಪುರಾಂತ ಕೆರೆಯ ಕಡೆಗೆ ಶರಣರ ಹೆಸರು ಹೊತ್ತ ಗವಿಗಳಿವೆ. ಅನುಭವ ಮಂಟಪವೆಂದು ಕರೆಯುವ ಕಟ್ಟಡದ ಕೆಲಸ ಮೊದಲಾದುದು ೧೯೫೫ರಲ್ಲಿ. ದೂರದಿಂದಲೇ ಕಾಣುವ ೧೦೮ ಅಡಿ ಎತ್ತರದ ಬಸವೇಶ್ವರರ ವಿಗ್ರಹ ೨೦೧೨ರದು. ಇನ್ನೊಂದು ಹೊಸ ಅನುಭವ ಮಂಟಪಕ್ಕೆ ೨೦೨೧ರ ಜನವರಿಯಲ್ಲಿ ಅಡಿಗಲ್ಲು ಇಟ್ಟರು. ಇವೆಲ್ಲ ಗೌರವಕ್ಕೆ ಅರ್ಹವಾದುವೇ. ಆದರೆ ಯಾವುದು ಯಾವ ಶತಮಾನದ್ದೆಂದು ತಿಳಿಯದೆ ನೋಡಿದರೆ ಎಂಟುನೂರು ವರ್ಷಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ನವಾಬರ ಮಹಲನ್ನು ಬಿಜ್ಜಳನ ಅರಮನೆಯೆಂದು ತಿಳಿದು ಮರಳುವವರೂ ಇರುತ್ತಾರೆ.

ಇನ್ನು ಈ ಊರು ರಾಜಧಾನಿಯಾದ ಬಗೆ. ಕ್ರಿ. ಶ. ೯೭೩ರಲ್ಲಿ ಎರಡನೆಯ ತೈಲಪನು ರಾಷ್ಟ್ರಕೂಟರ ಕೊನೆಯ ಅರಸನಾದ ಕರ್ಕನನ್ನು ಸೋಲಿಸಿ ಚಾಲುಕ್ಯ ವಂಶವನ್ನು ಮತ್ತೆ ನೆಲೆಗೊಳಿಸಿದನು. ರಾಷ್ಟ್ರಕೂಟರ ಮಾನ್ಯಖೇಟವೇ, ಎಂದರೆ ಈಗಿನ ಮಳಖೇಡವೇ, ಕೆಲಕಾಲ ಹೊಸ ಅರಸರಿಗೂ ರಾಜಧಾನಿಯಾಗಿದ್ದಿತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಆಳಿದ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ತಂಜಾವೂರಿನ ಚೋಳರೊಡನೆ ಬಾಳೆಲ್ಲ ಕಾದಿದ ಈ ಅರಸನು ಗುಣವಾಗದ ವ್ಯಾಧಿಗೆ ತುತ್ತಾಗಿ, ೧೦೬೮ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯೊಳಗೆ ತಾನಾಗಿ ಮುಳುಗಿ ದೇಹ ಬಿಟ್ಟನೆಂಬುದು ಇತಿಹಾಸ.

ಆ ಕಾಲದ ರಾಜಧಾನಿ ಎಂದರೆ ಈಗಿನ ದೆಹಲಿ ಬೆಂಗಳೂರುಗಳ ಹಾಗೆ ಕಚೇರಿಗಳು ಒಂದೇ ಕಡೆ ಬೇರುಬಿಟ್ಟ ಊರೆಂದು ಭಾವಿಸಬಾರದು. ಶಾಸನಗಳಲ್ಲಿ ‘ನೆಲೆವೀಡು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅರಸನು ತನ್ನ ಪರಿವಾರದೊಡನೆ ಬೀಡುಬಿಟ್ಟು ರಾಜ್ಯಭಾರ ಮಾಡುವ ಸ್ಥಳಕ್ಕೆ ಆ ಹೆಸರು. ಕಲ್ಯಾಣವಲ್ಲದೆ ಏತಗಿರಿ, ಬನವಾಸಿ ಮೊದಲಾದ ಇತರ ನೆಲೆವೀಡುಗಳ ಹೆಸರುಗಳೂ ಶಾಸನಗಳಲ್ಲಿ ಸಿಗುತ್ತವೆ. ಅರಸನು ಎಲ್ಲಿದ್ದರೆ ಅಲ್ಲಿ ರಾಜ್ಯ. ಹೀಗಿದ್ದರೂ ಕಲ್ಯಾಣಕ್ಕೆ ವಿಶೇಷವಾದ ಕೀರ್ತಿ ಬಂದುದು ಸೋಮೇಶ್ವರನ ಮಗ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅವನು ೧೦೭೬ರಲ್ಲಿ ಪಟ್ಟವೇರಿ, ಶಕವರ್ಷದ ಎಣಿಕೆಯನ್ನು ಬದಿಗಿಟ್ಟು, ತನ್ನ ಹೆಸರಿನಲ್ಲಿಯೇ ಚಾಲುಕ್ಯ ವಿಕ್ರಮಶಕೆಯನ್ನು ಆರಂಭಿಸಿದನು. ಐವತ್ತು ವರ್ಷ ಆಳಿದನು.

ಇವನ ರಾಜಧಾನಿಗೆ ಬಂದ ಪ್ರವಾಸಿಗಳಲ್ಲಿ ಒಬ್ಬನ ಕಥೆ ನಮಗೆ ಚೆನ್ನಾಗಿ ತಿಳಿದಿದೆ; ಏಕೆಂದರೆ ಅವನೇ ಅದನ್ನು ಬರೆದಿಟ್ಟಿದ್ದಾನೆ. ಅವನೇ ಬಿಲ್ಹಣ ಕವಿ. ಶ್ರೀನಗರದ ಬಳಿಯ ಖೋನಮುಖ ಎಂಬ ಹಳ್ಳಿ ಅವನ ಹುಟ್ಟೂರು. ವಿದ್ಯೆ ಮುಗಿಸಿ ಕಾಶ್ಮೀರವನ್ನು ಬಿಟ್ಟು ಹೊರಟ ಈ ಯುವಕನು ಮಥುರೆ, ಕನೌಜು, ಪ್ರಯಾಗ, ಕಾಶಿಗಳನ್ನು ಕಂಡನು. ಡಾಹಲದ ಕರ್ಣರಾಜನ ಆಸ್ಥಾನದಲ್ಲಿ ಕೆಲಕಾಲ ಇದ್ದನು. ಗುಜರಾತಿಗೆ ಹೋಗಿ ಸೋಮನಾಥನ ದರ್ಶನ ಮಾಡಿದನು. ಅಲ್ಲಿಂದ ಹಡಗು ಹತ್ತಿ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಬಂದನು. ಅವನು ಇಳಿದ ರೇವು ಗೋಕರ್ಣದ ಹತ್ತಿರದ ಹೊನ್ನಾವರವಿರಬೇಕೆಂದು ವಿದ್ವಾಂಸರ ಊಹೆ. ರಾಮೇಶ್ವರದವರೆಗೂ ಹೋಗಿ, ಮರಳುವ ದಾರಿಯಲ್ಲಿ ಕಲ್ಯಾಣಕ್ಕೆ ಬಂದನು. ಹೀಗೆ ಸಮುದ್ರಯಾನ ಮಾಡಿ ಬಂದ ಪ್ರವಾಸಿಗೆ ಕಲ್ಯಾಣವು ದಾರಿಯ ನಡುವಿನ ಒಂದು ತಂಗುದಾಣ. ಆದರೆ ಅವನು ಅಲ್ಲಿಯೇ ನಿಂತುಬಿಟ್ಟನು. ವಿಕ್ರಮಾದಿತ್ಯನು ಅವನಿಗೆ ‘ವಿದ್ಯಾಪತಿ’ ಎಂಬ ಪದವಿ ಕೊಟ್ಟು, ಛತ್ರವನ್ನೂ ಆನೆಯನ್ನೂ ನೀಡಿ ಮನ್ನಿಸಿದನು. ಬಿಲ್ಹಣನು ಅರಸನ ಚರಿತ್ರೆಯನ್ನು ‘ವಿಕ್ರಮಾಂಕದೇವಚರಿತ’ ಎಂಬ ಸಂಸ್ಕೃತ ಕಾವ್ಯವಾಗಿ ಹದಿನೆಂಟು ಸರ್ಗಗಳಲ್ಲಿ ಬರೆದನು. ಕೊನೆಯ ಸರ್ಗದಲ್ಲಿ ತನ್ನ ಊರು, ಮನೆತನ, ಪ್ರವಾಸಗಳ ವೃತ್ತಾಂತವಿದೆ.

ಈ ಕಥೆ ಕವಿಯ ಬಡಾಯಿ ಎಂದು ತಳ್ಳಿಹಾಕುವಂತಿಲ್ಲ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಾಶ್ಮೀರದಲ್ಲಿಯೇ ಕುಳಿತು ‘ರಾಜತರಂಗಿಣಿ’ಯನ್ನು ಬರೆದ ಕಲ್ಹಣನೂ, ಬಿಲ್ಹಣನು ದೇಶ ಬಿಟ್ಟು ಹೋದುದನ್ನೂ ಕರ್ಣಾಟದ ದೊರೆ ಅವನನ್ನು ವಿದ್ಯಾಪತಿಯನ್ನಾಗಿ ಮಾಡಿದುದನ್ನೂ ಹೇಳುತ್ತಾನೆ. ಕಾಶ್ಮೀರದ ಅರಸ ಹರ್ಷನು ದಕ್ಷಿಣದ ಉಡುಗೆ ತೊಡುಗೆಗಳನ್ನು ಮೆಚ್ಚಿ, ಕರ್ಣಾಟದ ನಾಣ್ಯದ ಮಾದರಿಯಲ್ಲಿ ನಾಣ್ಯ ಅಚ್ಚುಹಾಕಿಸಿದನಂತೆ. ವಿಕ್ರಮಾದಿತ್ಯನ ರಾಣಿ ಚಂದಲದೇವಿಯ ಚಿತ್ರಪಟವನ್ನು ನೋಡಿ ಅವನು ಮರುಳಾದನೆಂಬ ಪ್ರಸಂಗವೂ ಅಲ್ಲಿದೆ. ತಂತಿಯಿಲ್ಲ, ರೇಡಿಯೋ ಇಲ್ಲ. ಆದರೂ ಕಲ್ಯಾಣದ ಮಾತು ಹಿಮಾಲಯದ ತಪ್ಪಲಿನವರೆಗೆ ಮುಟ್ಟಿದ್ದಿತು.

ಬಿಲ್ಹಣನ ವರ್ಣನೆಯನ್ನು ಓದಿ ಊರಿನ ನಕ್ಷೆ ಬರೆಯಲು ಹೊರಟರೆ ಮಾತ್ರ ನಾವು ಮೋಸಹೋಗುತ್ತೇವೆ. ಎತ್ತರದ ಉಪ್ಪರಿಗೆ, ತಿಳಿನೀರ ಕೊಳ, ಚೆಲುವೆಯರು ಇವೆಲ್ಲ ಸಂಸ್ಕೃತ ಕವಿಗಳು ಎಲ್ಲ ಪಟ್ಟಣಗಳಿಗೂ ಹೇಳುವ ಮಾತು. ಆ ಕಾವ್ಯದ ಕಥೆಯೂ ವಿಚಿತ್ರವಾಗಿದೆ. ಕಲ್ಯಾಣದಲ್ಲಿ ಹುಟ್ಟಿದ ಪುಸ್ತಕದ ತಾಳೆಯೋಲೆ ಪ್ರತಿ ಸಿಕ್ಕಿದುದು ರಾಜಸ್ಥಾನದ ಮರುಭೂಮಿಯ ಜೈಸಲ್ಮೇರಿನ ಜೈನಭಂಡಾರದಲ್ಲಿ. ೧೮೭೪ರಲ್ಲಿ ಜರ್ಮನಿಯ ವಿದ್ವಾಂಸ ಬ್ಯೂಲರ್ ಅದನ್ನು ಕಂಡು, ತನ್ನ ಜೊತೆಯಲ್ಲಿದ್ದ ಯಾಕೋಬಿಯೊಡನೆ ಕುಳಿತು ನಕಲು ಮಾಡಿಕೊಂಡನು. ೧೮೭೫ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಊರಿನ ಕಲ್ಲುಗಳು ಚೆದುರಿದ ಮೇಲೂ ಊರಿನ ಹೆಸರನ್ನು ಓಲೆಗರಿ ಕಾದಿಟ್ಟಿತು.

ಹಾಗಾದರೆ ಕಲ್ಯಾಣ ನಮಗೆ ಉಳಿಸಿಹೋದುದು ಕಾವ್ಯವೊಂದೇ ಏನು? ಇಲ್ಲ. ಅದೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಗ್ರಂಥದ ಮುಕ್ತಾಯದಲ್ಲಿ ಅವನು ಕಲ್ಯಾಣ ಪಟ್ಟಣವನ್ನೂ ಅದರ ಅರಸನನ್ನೂ ಹಾಡಿ ಹೊಗಳಿದ್ದಾನೆ, ತನ್ನನ್ನೂ ಮರೆತಿಲ್ಲ. ಹೊಗಳಿಕೆ ಹೇಗೂ ಇರಲಿ, ಆ ಗ್ರಂಥದ ಫಲ ನಮ್ಮ ನಿಮ್ಮೆಲ್ಲರ ಮನೆಯೊಳಗೆ ಬಂದಿದೆ. ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದೊಡನೆಯೇ ಹಕ್ಕು ಬರುತ್ತದೆಂಬ ನ್ಯಾಯ ಮಿತಾಕ್ಷರದ್ದು. ಬಂಗಾಳದಲ್ಲಿ ಬೇರೆ ಸಂಪ್ರದಾಯ ನಡೆಯಿತು. ಉಳಿದಂತೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಪಾಲುಪಾರೀಕತ್ತಿಗೆ ಈ ಗ್ರಂಥವೇ ಆಧಾರವಾಯಿತು. ಕೋಲ್‌ಬ್ರೂಕನು ಇದರ ದಾಯಭಾಗದ ಪ್ರಕರಣವನ್ನು ೧೮೧೦ರಲ್ಲಿ ಇಂಗ್ಲಿಷಿಗೆ ತಿರುಗಿಸಿದ ಬಳಿಕ ಬ್ರಿಟಿಷರ ನ್ಯಾಯಾಲಯಗಳೂ ಅದನ್ನೇ ಅವಲಂಬಿಸಿದುವು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೂ ಮಿತಾಕ್ಷರದ ಹೆಸರು ಬಂದಿದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಹುಟ್ಟಿನಿಂದ ಬರುವ ಹಕ್ಕನ್ನು ಆ ನ್ಯಾಯ ಗಂಡುಮಕ್ಕಳಿಗೆ ಮಾತ್ರ ಕೊಟ್ಟಿತ್ತು. ಆದರೆ ಸ್ತ್ರೀಧನವೆಂದರೆ ಏನು ಎಂಬ ಪ್ರಶ್ನೆ ಬಂದಾಗ ವಿಜ್ಞಾನೇಶ್ವರನು ಕೈ ಬಿಗಿಹಿಡಿಯಲಿಲ್ಲ. ವಾರಸಿನಿಂದ ಬಂದುದು, ಕ್ರಯಕ್ಕೆ ಕೊಂಡುದು, ಪಾಲಿನಲ್ಲಿ ಸಿಕ್ಕಿದುದು ಇವೆಲ್ಲವನ್ನೂ ಅದರೊಳಗೆ ಸೇರಿಸಿದನು. ಪಾಲಾಗಿ ಬೇರೆಯಾದವನು ಗಂಡುಸಂತಾನವಿಲ್ಲದೆ ತೀರಿಕೊಂಡರೆ ಅವನ ಆಸ್ತಿ ಹೆಂಡತಿಗೆ ಸೇರಬೇಕೆಂದನು. ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು ಬರಲು ಇನ್ನೂ ಎಂಟು ಶತಮಾನಗಳಿಗಿಂತ ಹೆಚ್ಚು ಕಾಲ ಕಾಯಬೇಕಾಯಿತು. ಕರ್ನಾಟಕದಲ್ಲಿ ೧೯೯೪ರಲ್ಲಿ, ದೇಶಕ್ಕೆಲ್ಲ ೨೦೦೫ರಲ್ಲಿ ಆ ತಿದ್ದುಪಡಿಗಳು ಜಾರಿಗೆ ಬಂದುವು. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾಯಿಸಲು ನಿಂತಿರುವ ಅಣ್ಣತಂಗಿಯರಿಗೆ, ತಮ್ಮ ವ್ಯಾಜ್ಯದ ಮೂಲ ಪುಸ್ತಕ ಕಲ್ಯಾಣದ ಅರಸನ ನೆರಳಿನಲ್ಲಿ ಹುಟ್ಟಿದುದೆಂಬುದು ನೆನಪಿಗೆ ಬಾರದಿರಬಹುದು. ಆದರೆ ಸಂಗತಿ ನಿಜ.

ಅಡುಗೆಮನೆಗೂ ಕಲ್ಯಾಣದ ಸಂಬಂಧವುಂಟು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ೧೧೨೬ರಿಂದ ೧೧೩೮ರವರೆಗೆ ಆಳಿದನು. ಯುದ್ಧಕ್ಕಿಂತ ವಿದ್ಯೆಯಲ್ಲಿ ಅವನಿಗೆ ಒಲವು. ಅವನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿವೆ. ರಾಜನೀತಿ, ಆನೆ ಕುದುರೆ, ರತ್ನಪರೀಕ್ಷೆ, ಚಿತ್ರಕಲೆ, ಸಂಗೀತ, ಆಟಪಾಟ, ಊಟೋಪಚಾರ ಎಲ್ಲವೂ ಅದರಲ್ಲಿವೆ. ‘ಇಡ್ಡರಿಕೆ’ ಎಂಬ ತಿಂಡಿಯ ಹೆಸರು ಅದರಲ್ಲಿ ಬರುತ್ತದೆ. ಅದನ್ನು ಅಕ್ಕಿ ಸೇರಿಸದೆ ಬರಿಯ ಉದ್ದಿನಿಂದ ಮಾಡುತ್ತಿದ್ದರು. ನಮ್ಮ ಇಡ್ಲಿಯ ಪೂರ್ವಿಕರಲ್ಲಿ ಇದೂ ಒಂದೆಂದು ಆಹಾರದ ಇತಿಹಾಸ ಬರೆದವರು ಎಣಿಸುತ್ತಾರೆ. ದೋಸೆ, ಪೂರಿ, ವಡೆಗಳ ಹಳೆಯ ಹೆಸರುಗಳೂ ಅಲ್ಲಿವೆ. ಅರಮನೆಯ ಗೋಡೆ ಉಳಿಯಲಿಲ್ಲ. ಅರಮನೆಯ ಉಪಾಹಾರದ ಪಟ್ಟಿ ಉಳಿಯಿತು!

ಆದರೆ ಕಲ್ಯಾಣವೆಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಈ ಅರಸರಾಗಲಿ ಪಂಡಿತರಾಗಲಿ ಅಲ್ಲ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಮಂಗಳವೇಢೆಯ ಕಲಚುರಿ ಬಿಜ್ಜಳನು ಚಾಲುಕ್ಯರಿಂದ ಸಿಂಹಾಸನವನ್ನು ಕಸಿದುಕೊಂಡನು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಶರಣರ ದೊಡ್ಡ ಸಮೂಹ ಸೇರಿತು. ಬಳ್ಳಿಗಾವೆಯ ಕಡೆಯಿಂದ ಅಲ್ಲಮಪ್ರಭು, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮ ಬಂದರು. ಅಗಸ, ಅಂಬಿಗ, ಹಗ್ಗ ಹೊಸೆಯುವವ, ಕಟ್ಟಿಗೆ ಮಾರುವವ ಇವರೆಲ್ಲರೂ ಆಡುಮಾತಿನ ಕನ್ನಡದಲ್ಲಿ ವಚನ ನುಡಿದರು. ಅರಸನ ಆಸ್ಥಾನಕ್ಕೆ ಸಂಸ್ಕೃತದ ಕವಿಗಳನ್ನು ಕರೆತಂದಿದ್ದ ಊರಿನಲ್ಲಿ ಈಗ ಬೀದಿಯ ಕಸುಬುದಾರನ ಮಾತು ಸಾಹಿತ್ಯವಾಯಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಕಟ್ಟಿಗೆ ಮಾರುತ್ತಿದ್ದ ಮೋಳಿಗೆ ಮಾರಯ್ಯನು ಮೊದಲು ಕಾಶ್ಮೀರದ ಅರಸನಾಗಿದ್ದನೆಂದೂ, ಶರಣರ ಕೀರ್ತಿ ಕೇಳಿ ರಾಜ್ಯವನ್ನು ತೊರೆದು ಹೆಂಡತಿಯೊಡನೆ ಕಲ್ಯಾಣಕ್ಕೆ ಬಂದನೆಂದೂ ಸಂಪ್ರದಾಯ ಹೇಳುತ್ತದೆ. ಇದು ಸಂಪ್ರದಾಯದ ಮಾತು. ಬಿಲ್ಹಣನ ಕಥೆಗಿರುವಂಥ ಸಮಕಾಲೀನ ಆಧಾರವನ್ನು ಇದಕ್ಕೆ ಕೇಳುವಂತಿಲ್ಲ. ಆದರೂ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಒಬ್ಬನು ಕಾಶ್ಮೀರದಿಂದ ಬಂದು ಕಲ್ಯಾಣದಲ್ಲಿ ಛತ್ರ ಪಡೆದನು. ಇನ್ನೊಬ್ಬನು ಕಾಶ್ಮೀರದ ಛತ್ರವನ್ನೇ ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತನು. ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಒಂದೇ ಊರು ಎರಡು ಬಗೆಯ ರಾಜಧಾನಿಯಾಗಿದ್ದಿತೆಂದು ಜನರು ನೆನಪಿಟ್ಟುಕೊಂಡ ರೀತಿ ಇದು.

ಆ ಎರಡನೆಯ ರಾಜಧಾನಿ ಬಹುಕಾಲ ಬಾಳಲಿಲ್ಲ. ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವೆ ಜಾತಿಯ ಕಟ್ಟು ಮೀರಿ ನಡೆದ ಮದುವೆ, ಅದಕ್ಕೆ ಒದಗಿದ ಕ್ರೂರ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ದಿಕ್ಕುಪಾಲಾದುದು ಇವೆಲ್ಲ ೧೧೬೭ರ ಸುಮಾರಿಗೆ ನಡೆದುವೆಂದು ತಿಳಿದುಬರುತ್ತದೆ. ಶರಣರ ಮಾತು ಕೂಡ, ಬಿಲ್ಹಣನ ಕಾವ್ಯದಂತೆಯೇ, ಊರನ್ನು ಬಿಟ್ಟು ಹೋಗಿ ಬೇರೆ ಬೇರೆ ಕಡೆಗಳಲ್ಲಿ ಉಳಿದುಕೊಂಡಿತು. ಬಸವಣ್ಣನವರ ಹೆಸರನ್ನು ಹೇಳುವ ೧೨೬೦ರ ಶಾಸನ ಸಿಕ್ಕಿರುವುದು ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ.

ಚಾಲುಕ್ಯರ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದರೂ ೧೧೮೯ರ ಹೊತ್ತಿಗೆ ದೇವಗಿರಿಯ ಸೇವುಣರು ಉತ್ತರವನ್ನೂ, ದ್ವಾರಸಮುದ್ರದ ಹೊಯ್ಸಳರು ದಕ್ಷಿಣವನ್ನೂ ಹಂಚಿಕೊಂಡರು. ರಾಜಧಾನಿಯಾಗಿ ಕಲ್ಯಾಣದ ಬಾಳು ಒಂದೂವರೆ ಶತಮಾನವನ್ನೂ ಮುಟ್ಟಲಿಲ್ಲ. ಆಮೇಲೆ ಅದು ಗಡಿಯ ಕೋಟೆಯಾಯಿತು. ಹಳೆಯ ಗುಡಿಗಳ ಕಲ್ಲು ಕೋಟೆಯ ಗೋಡೆ ಸೇರಿತು; ಮಣ್ಣು, ಮರ, ಇಟ್ಟಿಗೆಗಳ ಮನೆಗಳು ಮಣ್ಣಾದುವು. ಹದಿನಾರನೆಯ ಶತಮಾನದಲ್ಲಿ ಬಿಜಾಪುರ, ಅಹಮದ್‌ನಗರಗಳ ಸುಲ್ತಾನರೂ ವಿಜಯನಗರದ ರಾಮರಾಯನೂ ಈ ಕೋಟೆಗಾಗಿ ಹೊಡೆದಾಡಿದರು. ೧೬೫೭ರಲ್ಲಿ ಔರಂಗಜೇಬನು ಮುತ್ತಿಗೆ ಹಾಕಿ ಹಿಡಿದನು. ಬಳಿಕ ನಿಜಾಮರ ಕೈಕೆಳಗಿನ ನವಾಬರು ೧೯೪೮ರವರೆಗೆ ಇಲ್ಲಿದ್ದರು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಲ್ಯಾಣಿ ಬಸವಕಲ್ಯಾಣವಾಯಿತು. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಇಡೀ ಪ್ರದೇಶಕ್ಕೇ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು.

ಈ ದೀರ್ಘ ಕಾಲವನ್ನು ಬರಿಯ ಹಾಳುಗೆಡಹುವಿಕೆಯ ಕಥೆಯೆಂದು ಹೇಳಿದರೆ ಅರ್ಧ ಸತ್ಯವಾಗುತ್ತದೆ. ೧೩೨೬ರ ಒಂದು ಸಂಸ್ಕೃತ ಶಾಸನ ಕಲ್ಯಾಣದಲ್ಲಿಯೇ ದೊರೆತಿದೆ. ಆಗ ದೆಹಲಿಯಲ್ಲಿ ಮಹಮ್ಮದ ಬಿನ್ ತುಘಲಕನ ಆಳ್ವಿಕೆ. ಗಲಭೆಯಲ್ಲಿ ಭಗ್ನವಾಗಿದ್ದ ಮಧುಕೇಶ್ವರ ಲಿಂಗವನ್ನು ಅವನ ಅಧಿಕಾರಿಗಳ ಒಪ್ಪಿಗೆಯಿಂದಲೇ ಮತ್ತೆ ಪ್ರತಿಷ್ಠೆ ಮಾಡಿ ಪೂಜೆ ನಡೆಸಿದರೆಂದು ಅದು ಹೇಳುತ್ತದೆ. ಒಡೆದುದೂ ಉಂಟು, ಕೂಡಿಸಿದುದೂ ಉಂಟು.

ರಾಜಧಾನಿಯ ಪಟ್ಟ ಬಳಿಕ ಕಲಬುರಗಿಗೆ, ಅಲ್ಲಿಂದ ಬೀದರಿಗೆ ಹೋಯಿತು. ಆ ಬೀದರಿಗೂ ಸಮುದ್ರ ದಾಟಿ ಒಬ್ಬ ಪ್ರವಾಸಿ ಬಂದಿದ್ದನು. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನನು ಹದಿನೈದನೆಯ ಶತಮಾನದ ಎಪ್ಪತ್ತರ ಆಸುಪಾಸಿನಲ್ಲಿ ಹೊರ್ಮುಜಿನಿಂದ ಹಡಗು ಹತ್ತಿ, ಮಾರುವುದಕ್ಕೆಂದು ಒಂದು ಕುದುರೆಯನ್ನೂ ತಂದು, ಚೌಲ ಬಂದರಿನಲ್ಲಿ ಇಳಿದನು. ಜುನ್ನರದ ಮಾರ್ಗವಾಗಿ ಬೀದರಿಗೆ ಬಂದು ಕುದುರೆ ಮಾರಿದನು. ಕುದುರೆ ವ್ಯಾಪಾರಕ್ಕೆ ಹೆಸರಾಗಿದ್ದ ಆಳಂದದ ಜಾತ್ರೆಯ ವಿಷಯವನ್ನೂ ಬರೆದಿದ್ದಾನೆ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲು ಬಾಗಿಲಿಗೂ ಕಾವಲು, ಹೋಗಿಬರುವವರ ಹೆಸರು ಬರೆದುಕೊಳ್ಳುವವರು. ಪರದೇಶದವರಿಗೆ ಒಳಗೆ ಪ್ರವೇಶವಿಲ್ಲ. ಅರಮನೆಯ ಒಳಗು ಕಾಣದಿದ್ದರೇನಂತೆ, ನಾಡಿನ ಸಾಮಾನ್ಯ ಜನರು ಬಡವರು, ಸರದಾರರು ಮಾತ್ರ ಸಿರಿವಂತರು ಎಂಬುದನ್ನು ಅವನು ಹೊರಗೆ ನಿಂತೇ ಕಂಡುಕೊಂಡನು. ಊರಿಗೆ ಮರಳುವ ದಾರಿಯಲ್ಲಿ ಸ್ಮೊಲೆನ್ಸ್ಕಿನ ಬಳಿ ತೀರಿಕೊಂಡನು. ಅವನ ಟಿಪ್ಪಣಿಗಳು ಮಾತ್ರ ಊರು ಸೇರಿದುವು. ೧೯೫೭ರಲ್ಲಿ ಭಾರತ ಸೋವಿಯತ್ ದೇಶಗಳು ಸೇರಿ ತಯಾರಿಸಿದ ‘ಪರದೇಶಿ’ ಚಲಚ್ಚಿತ್ರ ಇವನ ಕಥೆಯೇ. ಬಾಗಿಲಾಚೆ ನಿಂತವನೂ ಕಣ್ಣು ತೆರೆದಿದ್ದರೆ ರಾಜಧಾನಿಯ ನಿಜವನ್ನು ಕಾಣಬಲ್ಲನೆಂಬುದಕ್ಕೆ ಇದು ನಿದರ್ಶನ.

ಇನ್ನು ನಮ್ಮ ಅರ್ಧ ದಿನದ ಪ್ರವಾಸಿಗೆ ಬರೋಣ. ಚಾಲುಕ್ಯರ ಕಲ್ಲನ್ನು ಅವನು ಎಲ್ಲಿ ನೋಡಬೇಕು? ಊರ ಕೋಟೆಯಿಂದ ಹೊರಬಿದ್ದು ನಾರಾಯಣಪುರಕ್ಕೆ ಹೋಗಬೇಕು. ಬಸವಕಲ್ಯಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದ ಹಳ್ಳಿ ಅದು. ಅಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಲೀಮಾದ ಪ್ರಯಾಣಿಕನಿಗೆ ಪಾಚಕಾಮಾಕ್ ಹೇಗೋ ಕಲ್ಯಾಣದ ಪ್ರಯಾಣಿಕನಿಗೆ ನಾರಾಯಣಪುರ ಹಾಗೆ. ಈ ಸೀಮೆಯ ಗಡುಸಾದ ಕಪ್ಪು ಕಲ್ಲಿನಲ್ಲಿ ಶಿಲ್ಪಿಗಳು ಕೈಚಳಕ ತೋರಿದ್ದಾರೆ. ಹೊರಗೋಡೆಯ ಮೇಲೆ ಬಗೆಬಗೆಯ ಭಂಗಿಗಳಲ್ಲಿ ನಿಂತ ಸ್ತ್ರೀವಿಗ್ರಹಗಳನ್ನು ನೋಡಿದರೆ, ಬೇಲೂರಿನ ಮದನಿಕೆಯರಿಗೆ ಅಕ್ಕಂದಿರು ಇದ್ದರೆಂಬುದು ಮನವರಿಕೆಯಾಗುತ್ತದೆ. ಹೊಯ್ಸಳರು ಮೊದಲು ಇದೇ ಚಾಲುಕ್ಯರ ಸಾಮಂತರಾಗಿದ್ದವರಲ್ಲವೇ? ಅವರ ಶಿಲ್ಪಕಲೆಯ ತವರು ಈ ಚಾಲುಕ್ಯ ಪರಂಪರೆಯೇ.

ಇನ್ನೂ ಎರಡು ಗಂಟೆ ಬಿಡುವಿದ್ದರೆ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋಗಬಹುದು. ಅಲ್ಲಿನ ಗುಡಿಯ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಫಲಕದ ಮೇಲೆ ಬರೆಯುತ್ತಿದ್ದಾಳೆ. ಬರೆದಿರುವುದು ವಿಕ್ರಮಾದಿತ್ಯನನ್ನು ಹೊಗಳುವ ಶ್ಲೋಕ. ಹೆಣ್ಣು ಅಕ್ಷರ ಬಲ್ಲವಳಾಗಿರುವುದು, ಅದನ್ನು ಶಿಲ್ಪಿ ಸಹಜವೆಂಬಂತೆ ಕೆತ್ತಿರುವುದು ಎರಡೂ ಯೋಚಿಸತಕ್ಕ ವಿಷಯಗಳು. ಅಕ್ಕಮಹಾದೇವಿಯ ತಲೆಮಾರು ಹುಟ್ಟುವುದಕ್ಕೆ ಸ್ವಲ್ಪ ಮುಂಚೆಯೇ ಕಲ್ಯಾಣದ ಸೀಮೆಯಲ್ಲಿ ಬರೆಯುವ ಹೆಣ್ಣಿನ ರೂಪ ಕಲ್ಲಿನಲ್ಲಿ ಮೂಡಿದ್ದಿತು.

ಹೀಗೆ ನೋಡಿದರೆ ರಾಜಧಾನಿ ಒಂದೇ ಊರಿನೊಳಗೆ ಇರುವುದಿಲ್ಲ. ಅದರ ಕಲ್ಲು ಸುತ್ತಲಿನ ಹಳ್ಳಿಗಳಲ್ಲಿ, ಅದರ ಕಾವ್ಯ ಜೈಸಲ್ಮೇರಿನಲ್ಲಿ, ಅದರ ನ್ಯಾಯ ನಮ್ಮ ಆಸ್ತಿಪತ್ರದಲ್ಲಿ, ಅದರ ವಚನ ನಮ್ಮ ನಾಲಗೆಯ ಮೇಲೆ ಚೆದುರಿಕೊಂಡಿದೆ. ಊರಿನಲ್ಲಿ ಉಳಿದುದು ಹ್ರಸ್ವ. ಊರಿನಿಂದ ಹೊರಟುದು ದೀರ್ಘ. ಇದನ್ನು ಅರಿತವನಿಗೆ ಬಸವಕಲ್ಯಾಣದಲ್ಲಿ ನಿರಾಶೆಯಾಗದು. ಅರಿಯದವನಿಗೆ ವಾರಗಟ್ಟಲೆ ಇದ್ದರೂ ತೋಪುಗಳೇ ಕಂಡಾವು.

ಆದರೆ ಚೆದುರಿದುದನ್ನು ಕಾಯುವ ಹೊಣೆ ಯಾರದು? ಓಲೆಗರಿಯನ್ನು ಜೈನಭಂಡಾರ ಕಾದಿತು. ವಚನಗಳನ್ನು ಮಠಗಳೂ ಮನೆಗಳೂ ಕಾದುವು. ನಾರಾಯಣಪುರದಂಥ ಹಳ್ಳಿಯ ಗುಡಿಗೆ ಅಂಥ ಕಾವಲು ಎಂದರೆ ನೋಡಲು ಬರುವ ಜನರೇ. ಹೆಚ್ಚು ಮಂದಿ ಬಂದು ಕೇಳಿದಷ್ಟೂ ಊರಿನವರಿಗೆ ಅದರ ಬೆಲೆ ತಿಳಿಯುತ್ತದೆ, ಸರ್ಕಾರದ ಗಮನವೂ ಹರಿಯುತ್ತದೆ. ಈಗ ದಾರಿಯೂ ಸುಲಭವಾಗಿದೆ. ೨೦೧೭ರಿಂದ ಬೀದರ ಕಲಬುರಗಿ ರೈಲುದಾರಿಯಲ್ಲಿ ಹುಮನಾಬಾದಿಗೂ ನಿಲ್ದಾಣ ಬಂದಿದೆ. ಮುಂದೊಮ್ಮೆ ಆ ಹೆದ್ದಾರಿಯಲ್ಲಿ ಪ್ರಯಾಣ ಮಾಡುವಾಗ, ಸಸ್ತಾಪುರ ಬಂಗ್ಲಾದಲ್ಲಿ ಚಹಾ ಕುಡಿದ ಮೇಲೆ, ಮನೆಯವರೊಡನೆ ಒಂದರ್ಧ ದಿನ ಅತ್ತ ತಿರುಗಿರಿ. ಮೊದಲು ನಾರಾಯಣಪುರಕ್ಕೆ ಹೋಗಿ, ಬಳಿಕ ಕೋಟೆಗೆ ಬನ್ನಿರಿ. ಅಷ್ಟು ಕ್ರಮ ಬದಲಾಯಿಸಿಕೊಂಡರೆ ಸಾಕು, ಶತಮಾನಗಳು ತಮ್ಮ ತಮ್ಮ ಜಾಗದಲ್ಲಿ ತಾವೇ ನಿಲ್ಲುತ್ತವೆ.